ಇನ್ನೊಬ್ಬರ ನೋವಿಗೆ ನಾವು ಹೇಳುವ ಕಾರಣ

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂಗೇರ್, ಮುಜಫ್ಫರ್‌ಪುರದಂಥ ಊರುಗಳಲ್ಲಿ ಬೀದಿಗೆ ಬೀದಿಯೇ ಉರುಳಿ ಬಿತ್ತು. ಆ ಹೊತ್ತಿಗೆ ಗಾಂಧೀಜಿ ದಕ್ಷಿಣ ಭಾರತದಲ್ಲಿದ್ದರು. ಅಸ್ಪೃಶ್ಯತೆಯ ವಿರುದ್ಧ ಊರೂರು ಸುತ್ತುತ್ತಿದ್ದರು. ಸುದ್ದಿ ತಿಳಿದ ಮೇಲೆ ಅವರು ಜನರ ಮುಂದೆ ಒಂದು ಮಾತು ಹೇಳಿದರು. ನಾವು ಹರಿಜನರಿಗೆ ಮಾಡಿದ, ಈಗಲೂ ಮಾಡುತ್ತಿರುವ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಈ ಭೂಕಂಪ, ಅಂತ.

ರವೀಂದ್ರನಾಥ ಟಾಗೋರರಿಗೆ ಇದನ್ನು ಓದಿ ತುಂಬ ಬೇಸರವಾಯಿತು. ಅಸ್ಪೃಶ್ಯತೆ ಪಾಪ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಆದರೆ ಭೂಮಿ ನಡುಗುವುದಕ್ಕೆ ಭೌತಿಕ ಕಾರಣಗಳೇ ಇರುತ್ತವೆ, ಅದಕ್ಕೆ ಪಾಪ ಪುಣ್ಯದ ಲೆಕ್ಕ ಹಚ್ಚಬಾರದು ಎಂದು ಅವರು ಬರೆದರು. ಇನ್ನೂ ಒಂದು ಮಾತು ಸೇರಿಸಿದರು. ಇಂಥ ವಾದ ಗಾಂಧೀಜಿಗಿಂತ ಅವರ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತದೆ. ಗಾಂಧಿ ಮತ್ತು ಅವರ ಹಿಂಬಾಲಕರಿಂದಲೇ ದೇವರಿಗೆ ಸಿಟ್ಟು ಬಂತು ಎಂದು ಆ ವಿರೋಧಿಗಳು ಹೇಳಿಕೊಂಡು ತಿರುಗಿದ್ದರೂ ನನಗೆ ಆಶ್ಚರ್ಯ ಆಗುತ್ತಿರಲಿಲ್ಲ, ಅಂದರು. ಗಾಂಧೀಜಿ ಈ ಟೀಕೆಯನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿದರು, ಜೊತೆಗೆ ತಮ್ಮ ಉತ್ತರವನ್ನೂ. ನಂಬಿಕೆ ಬಿಡಲಿಲ್ಲ. ಮಾರ್ಚ್‌ನಲ್ಲಿ ತಾವೇ ಬಿಹಾರಕ್ಕೆ ಹೋಗಿ ಪರಿಹಾರದ ಕೆಲಸಕ್ಕೆ ನಿಂತರು.

ಈ ಜಗಳದಲ್ಲಿ ನಾನು ಟಾಗೋರರ ಕಡೆ. ಕುಸಿದ ಮನೆಗಳ ಅಡಿ ಸಿಕ್ಕಿ ಸತ್ತವರಲ್ಲಿ ಹರಿಜನರೂ ಇದ್ದೇ ಇರುತ್ತಾರಲ್ಲ. ಅವರು ಯಾವ ಪಾಪಕ್ಕೆ ಸತ್ತರು? ತೊಟ್ಟಿಲಲ್ಲಿ ಮಲಗಿದ್ದ ಕೂಸು ಯಾರನ್ನು ಮುಟ್ಟಿಸಿಕೊಳ್ಳದೆ ದೂರ ಇಟ್ಟಿತ್ತು? ಆದರೂ ಗಾಂಧೀಜಿ ಹೇಳಿದ್ದನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವರು 'ನಾವು' ಅಂದರು. ಪಾಪಿಗಳ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆದುಕೊಂಡರು. ಅವರ ಮಾತು ಎಡವಿದ್ದು ಎಲ್ಲಿ ಅಂದರೆ, ಪಾಪ 'ನಮ್ಮದು' ಆದರೂ ಮಾಡು ಬಿದ್ದದ್ದು ಬೇರೆಯವರ ತಲೆ ಮೇಲೆ. ಆ ಬೇರೆಯವರ ಸಾವನ್ನು ಒಂದು ಪಾಠಕ್ಕೆ ಉದಾಹರಣೆ ಮಾಡಲು ಯಾರೂ ಅವರ ಒಪ್ಪಿಗೆ ಕೇಳಿರಲಿಲ್ಲ.

ಒಳ್ಳೆಯದು, ಕೆಟ್ಟದ್ದು, ನೋವು ಇವುಗಳ ಬಗ್ಗೆ ಧರ್ಮಗಳು ಮತ್ತು ತತ್ವಜ್ಞಾನಿಗಳು ಹೇಳಿದ್ದನ್ನು ನಾನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಿದೆ. ನನ್ನ ನೋವಿಗೆ ನಾನು ಹುಡುಕಿಕೊಳ್ಳುವ ಕಾರಣ ಬೇರೆ. ನಿಮ್ಮ ನೋವಿಗೆ ನಾನು ಹೇಳುವ ಕಾರಣ ಬೇರೆ. ಮಾತು ಒಂದೇ ಇರಬಹುದು. ಮೊದಲನೆಯದು ಬದುಕಲು ಬಲ ಕೊಡಬಲ್ಲದು. ಎರಡನೆಯದು ಬಹಳ ಸಲ ಕ್ರೌರ್ಯವೇ ಆಗಿಬಿಡುತ್ತದೆ. ಇದು ನನಗೊಬ್ಬನಿಗೇ ಹೊಳೆದದ್ದಲ್ಲ. ನಾಜಿಗಳ ಕೈಯಲ್ಲಿ ಮನೆಯವರನ್ನೇ ಕಳೆದುಕೊಂಡ ತತ್ವಜ್ಞಾನಿ ಇಮಾನ್ಯುಯೆಲ್ ಲೆವಿನಾಸ್ ಇದನ್ನೇ ಇನ್ನೂ ಕಟುವಾಗಿ ಹೇಳಿದ್ದಾರೆ. ನೆರೆಯವನ ನೋವನ್ನು ಸಮರ್ಥಿಸುವುದೇ ಎಲ್ಲ ಅನೀತಿಯ ಮೂಲ ಅನ್ನುವುದು ಅವರ ನಿಲುವು.

ಹಾಗಾದರೆ ನಾವು ಯಾಕೆ ಇಷ್ಟು ಅವಸರದಲ್ಲಿ ಕಾರಣ ಹೇಳುತ್ತೇವೆ? ಯಾರಿಗೋ ಕ್ಯಾನ್ಸರ್ ಬಂತು ಅಂದ ತಕ್ಷಣ 'ಸಿಗರೇಟ್ ಸೇದ್ತಿದ್ರಾ?' ಅಂತ ಕೇಳುತ್ತೇವೆ. ಅಪಘಾತ ಅಂದರೆ 'ಅಷ್ಟು ಹೊತ್ತಲ್ಲಿ ಯಾಕೆ ಹೋಗಬೇಕಿತ್ತು?' ಅನ್ನುತ್ತೇವೆ. ಈ ಪ್ರಶ್ನೆಗಳ ಹಿಂದೆ ಇರುವುದು ಭಯ. ಅವರಿಗೆ ಆದದ್ದು ನನಗೂ ಆಗಬಹುದು ಅನ್ನುವ ಭಯ. ಅವರ ಕಡೆ ಏನೋ ತಪ್ಪಿದೆ ಅಂತ ಗೊತ್ತಾದರೆ ಮನಸ್ಸಿಗೆ ಸಮಾಧಾನ, ಅಲ್ವಾ? 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ಹುಡುಗಿಯರಿಗೆ ಟೀವಿ ಪರದೆಯಲ್ಲಿ ಒಬ್ಬಾಕೆಯನ್ನು ತೋರಿಸಲಾಯಿತು. ಅವಳು ಉತ್ತರ ತಪ್ಪಿದಾಗಲೆಲ್ಲ ಅವಳಿಗೆ ಕರೆಂಟ್ ಶಾಕ್ ಕೊಡುತ್ತಿದ್ದಂತೆ ಕಾಣುತ್ತಿತ್ತು. ನಿಜದಲ್ಲಿ ಅದು ನಟನೆ. ಅವಳನ್ನು ಶಾಕ್‌ನಿಂದ ಪಾರುಮಾಡುವ ಅವಕಾಶ ಸಿಕ್ಕಾಗ ಬಹುತೇಕ ಎಲ್ಲರೂ ಪಾರುಮಾಡಿದರು. ಆದರೆ ಏನೂ ಮಾಡಲಾಗದೆ ನೋಡುತ್ತಾ ಕೂರಬೇಕಾದವರು, ಅವಳ ಹಿಂಸೆ ಇನ್ನೂ ಮುಂದುವರಿಯುತ್ತದೆ ಅಂತ ತಿಳಿದವರು, ಅವಳ ಬಗ್ಗೆಯೇ ಕೀಳಾಗಿ ಮಾತಾಡತೊಡಗಿದರು. ಅವಳು ಅಂಥ ಒಳ್ಳೆಯವಳೇನಲ್ಲ ಅನ್ನುವ ಹಾಗೆ. ನೋವನ್ನು ತಡೆಯಲು ಆಗಲಿಲ್ಲ. ಹಾಗಾಗಿ ನೋವು ತಿನ್ನುವವಳನ್ನೇ ಅದಕ್ಕೆ ಅರ್ಹಳನ್ನಾಗಿ ಮಾಡಿಬಿಟ್ಟರು.

ಇದನ್ನು ಓದಿದ ಮೇಲೆ 'ಮಾಡಿದ್ದುಣ್ಣೋ ಮಹರಾಯ' ಅನ್ನುವ ಗಾದೆ ನನ್ನ ಕಿವಿಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ.

ದೇವರನ್ನು ನಂಬುವವರಿಗೆ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ದೇವರಿಗೆ ಕೆಡುಕನ್ನು ತಡೆಯುವ ಮನಸ್ಸಿದ್ದು ಶಕ್ತಿ ಇಲ್ಲವೇ? ಶಕ್ತಿಯಿದ್ದು ಮನಸ್ಸಿಲ್ಲವೇ? ಎರಡೂ ಇದ್ದರೆ ಕೆಡುಕು ಎಲ್ಲಿಂದ ಬಂತು? ಇದನ್ನು ಗ್ರೀಸಿನ ಎಪಿಕ್ಯೂರಸ್ ಕೇಳಿದ್ದು ಎಂದು ಹೇಳುತ್ತಾರೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತೀರಿಕೊಂಡ ಮೇಲೆ, 1779ರಲ್ಲಿ ಅಚ್ಚಾದ ಅವನ ಸಂವಾದಗಳಲ್ಲಿ ಇದು ಬರುತ್ತದೆ. ಇದಕ್ಕೆ ಬಂದ ಉತ್ತರಗಳು ಒಂದೆರಡಲ್ಲ. ಜರತುಷ್ಟ್ರನ ಧರ್ಮದಲ್ಲಿ ಒಳ್ಳೆಯದರ ಒಡೆಯ ಅಹುರ ಮಜ್ದಾ, ಅವನಿಗೆ ಎದುರಾಗಿ ಅಂಗ್ರ ಮೈನ್ಯು. ಅಲ್ಲಿ ದೇವರು ಕೆಟ್ಟದ್ದನ್ನು ಮಾಡಿಲ್ಲ, ಅದರ ಜೊತೆ ಹೋರಾಡುತ್ತಿದ್ದಾನೆ. ಸಂತ ಅಗಸ್ಟೀನ್ ಹರೆಯದಲ್ಲಿ ಇದಕ್ಕೆ ಹತ್ತಿರವಾದ ಮಾನಿ ಪಂಥದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಅದನ್ನು ಬಿಟ್ಟ. ಕೆಡುಕು ಅನ್ನುವುದು ಒಂದು ವಸ್ತುವೇ ಅಲ್ಲ, ಒಳ್ಳೆಯದರ ಕೊರತೆ ಅಷ್ಟೇ ಅಂದ. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಅವನು ಕೆಟ್ಟದ್ದು ಮಾಡುವ ಸಾಧ್ಯತೆಯೂ ಇರಲೇಬೇಕು ಅಂದವರಿದ್ದಾರೆ. ಕಷ್ಟದಿಂದಲೇ ಆತ್ಮ ಪಕ್ವವಾಗುತ್ತದೆ ಅಂದವರೂ ಇದ್ದಾರೆ.

ಈ ಉತ್ತರಗಳಲ್ಲಿ ಬುದ್ಧಿ ಇದೆ, ಒಪ್ಪುತ್ತೇನೆ. ಆದರೆ ಪ್ರಾಣಿಗಳ ವಿಷಯಕ್ಕೆ ಬಂದರೆ ಹೆಚ್ಚಿನವು ಸೋತುಹೋಗುತ್ತವೆ. ಡಾರ್ವಿನ್ 1860ರಲ್ಲಿ ತನ್ನ ಸ್ನೇಹಿತ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಒಂದು ಜಾತಿಯ ಕಣಜದ ಮಾತು ಬರುತ್ತದೆ. ಇದು ಕಂಬಳಿಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಹುಳವನ್ನು ಒಳಗಿನಿಂದ ತಿನ್ನುತ್ತಾ ಬೆಳೆಯುತ್ತವೆ. ಹುಳ ಅಷ್ಟು ದಿನವೂ ಜೀವಂತವಾಗಿಯೇ ಇರುತ್ತದೆ. ಕರುಣಾಮಯಿಯಾದ ದೇವರು ಇದನ್ನು ಬೇಕೆಂದೇ ಮಾಡಿದ ಅಂತ ನಂಬಲು ತನ್ನಿಂದ ಆಗುವುದಿಲ್ಲ ಎಂದು ಡಾರ್ವಿನ್ ಬರೆದ. ಆ ಹುಳಕ್ಕೆ ಯಾವ ಸ್ವಾತಂತ್ರ್ಯ? ಅದರ ಆತ್ಮ ಎಲ್ಲಿ ಪಕ್ವವಾಗಬೇಕು?

ಯೂರೋಪಿನಲ್ಲಿ ಈ ಚರ್ಚೆಗೆ ಬೆಂಕಿ ಹಚ್ಚಿದ್ದೂ ಒಂದು ಭೂಕಂಪವೇ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಚರ್ಚುಗಳಲ್ಲಿ ಜನ ತುಂಬಿದ್ದರು. ನೆಲ ಅಲುಗಿತು, ಸಮುದ್ರ ಉಕ್ಕಿ ಬಂತು, ಹಚ್ಚಿಟ್ಟ ಮೇಣದ ಬತ್ತಿಗಳು ಉರುಳಿ ಊರಿಗೇ ಬೆಂಕಿ ಬಿತ್ತು. ಪ್ರಾರ್ಥನೆಗೆ ಹೋದವರು ಅಲ್ಲೇ ಸತ್ತರು. ಇರಬಹುದಾದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ವಾದಿಸಿದ್ದ. ಲಿಸ್ಬನ್ ಆದ ಮೇಲೆ ಫ್ರಾನ್ಸಿನ ಲೇಖಕ ವಾಲ್ಟೇರ್ ಆ ವಾದದ ಮೇಲೆ ಕೆಂಡ ಕಾರಿದ. ನನಗೆ ಜಾಸ್ತಿ ಇಷ್ಟವಾಗುವುದು ಮಾತ್ರ ಮರುವರ್ಷ ರೂಸೋ ವಾಲ್ಟೇರನಿಗೆ ಬರೆದ ಪತ್ರ. ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒಂದೇ ಕಡೆ ಕಟ್ಟಿದ್ದು ಪ್ರಕೃತಿ ಅಲ್ಲವಲ್ಲ ಅಂತ ಅವನು ಕೇಳಿದ. ದೇವರ ಕಡೆ ತಿರುಗಿದ್ದ ಕಣ್ಣನ್ನು ಗೋಡೆಯ ಕಡೆ, ಗೋಡೆ ಕಟ್ಟಿದವರ ಕಡೆ ತಿರುಗಿಸಿದ. ಇದೂ ಕಾರಣ ಹೇಳುವುದೇ. ಆದರೆ ಈ ಕಾರಣದಿಂದ ಮುಂದಿನ ಮನೆ ಗಟ್ಟಿಯಾಗಬಹುದು. ಸತ್ತವರ ಮೇಲೆ ತಪ್ಪು ಹೊರಿಸುವ ಅಗತ್ಯವೂ ಇಲ್ಲ.

ಕಾರಣ ಹುಡುಕಲೇಬಾರದು ಅಂತ ನಾನು ಹೇಳುತ್ತಿಲ್ಲ. ನೋವು ಯಾಕೆ ಆಯಿತು ಅಂತ ಕೇಳಿದ್ದರಿಂದಲೇ ಔಷಧಿ ಬಂದದ್ದು, ಕಾನೂನು ಬಂದದ್ದು. ನನ್ನ ತಕರಾರು ಇರುವುದು 'ಈ ನೋವು ಸರಿಯಾಗಿಯೇ ಇದೆ' ಅಂತ ತೋರಿಸಲು ಹೊರಡುವ ಕಾರಣಗಳ ಬಗ್ಗೆ.

ಇಸ್ಲಾಮಿನ ಪಂಡಿತರ ನಡುವೆ ಒಂದು ಕತೆ ಬಹಳ ಪ್ರಸಿದ್ಧ. ಹತ್ತನೇ ಶತಮಾನದ ಹೊತ್ತಿನದು. ಬಸ್ರಾದಲ್ಲಿ ಅಲ್ ಜುಬ್ಬಾಯಿ ಎಂಬ ಗುರು, ಅವನ ಶಿಷ್ಯ ಅಲ್ ಅಶ್‌ಅರಿ. ದೇವರು ಯಾವಾಗಲೂ ಮನುಷ್ಯನಿಗೆ ಒಳ್ಳೆಯದಾಗುವುದನ್ನೇ ಮಾಡುತ್ತಾನೆ ಎಂಬುದು ಗುರುವಿನ ವಾದ. ಶಿಷ್ಯ ಕೇಳಿದ: ಮೂವರು ಅಣ್ಣತಮ್ಮಂದಿರು. ಒಬ್ಬ ದೈವಭಕ್ತನಾಗಿ ಬಾಳಿ ಸತ್ತ. ಒಬ್ಬ ದೇವರನ್ನು ಧಿಕ್ಕರಿಸಿ ಸತ್ತ. ಇನ್ನೊಬ್ಬ ಮಗುವಾಗಿದ್ದಾಗಲೇ ಹೋದ. ಇವರ ಗತಿ ಏನು? ಮೊದಲನೆಯವನಿಗೆ ಸ್ವರ್ಗದ ಮೇಲಿನ ಪದವಿ, ಎರಡನೆಯವನಿಗೆ ನರಕ, ಮಗುವಿಗೆ ಆ ಪದವಿಯೂ ಇಲ್ಲ ನರಕವೂ ಇಲ್ಲ, ಅಂದ ಗುರು. 'ನನಗೂ ಆಯಸ್ಸು ಕೊಟ್ಟಿದ್ದರೆ ನಾನೂ ಒಳ್ಳೆಯವನಾಗಿ ಬಾಳಿ ಆ ಪದವಿ ಪಡೆಯುತ್ತಿದ್ದೆ ಎಂದು ಮಗು ದೇವರನ್ನು ಕೇಳಿದರೆ?' 'ನೀನು ಬೆಳೆದಿದ್ದರೆ ಪಾಪ ಮಾಡಿ ನರಕಕ್ಕೆ ಹೋಗುತ್ತಿದ್ದೆ ಅಂತ ನನಗೆ ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಬೇಗ ಕರೆಸಿಕೊಂಡೆ ಎಂದು ದೇವರು ಹೇಳುತ್ತಾನೆ.' ಆಗ ಶಿಷ್ಯ ಕೇಳಿದ: 'ಹಾಗಾದರೆ ನರಕದಲ್ಲಿ ಬೇಯುತ್ತಿರುವ ಆ ಇನ್ನೊಬ್ಬ ಕೂಗಿ, ದೇವರೇ, ನನ್ನ ಹಣೆಬರಹವೂ ನಿನಗೆ ಗೊತ್ತಿತ್ತಲ್ಲ, ನನ್ನನ್ನೂ ಮಗುವಾಗಿದ್ದಾಗಲೇ ಯಾಕೆ ಸಾಯಿಸಲಿಲ್ಲ ಅಂತ ಕೇಳಿದರೆ?'

ಗುರುವಿಗೆ ಬಾಯಿ ಕಟ್ಟಿತು. ಶಿಷ್ಯ ಗುರುವಿನ ಪಂಥವನ್ನೇ ಬಿಟ್ಟ. ಇದು ನಡೆದ ಘಟನೆಯೋ, ಆಮೇಲಿನವರು ಹೇಳಿದ ಕತೆಯೋ, ಆ ಪ್ರಶ್ನೆ ಮಾತ್ರ ಇವತ್ತಿಗೂ ಬಿಸಿಯಾಗಿದೆ. ಎಳೆಯ ಮಗುವನ್ನು ಕಳೆದುಕೊಂಡವರ ಮನೆಯಲ್ಲಿ 'ಬದುಕಿದ್ದರೆ ಇನ್ನೂ ಏನೇನು ಕಷ್ಟ ಪಡಬೇಕಿತ್ತೋ, ಪಾಪ, ಹೋಗಿದ್ದೇ ಒಳ್ಳೇದಾಯ್ತು' ಅನ್ನುವವರಿಗೆ ಅಲ್ ಅಶ್‌ಅರಿ ಒಂದು ಸಾವಿರ ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾನೆ.

ಇನ್ನು ಕರ್ಮ. ತರ್ಕದ ದೃಷ್ಟಿಯಿಂದ ನೋಡಿದರೆ ಇದರಷ್ಟು ಗಟ್ಟಿ ಉತ್ತರ ಬೇರೆ ಕಡೆ ಸಿಗುವುದು ಕಷ್ಟ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಈ ಪ್ರಶ್ನೆ ನೇರವಾಗಿಯೇ ಬರುತ್ತದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರಿಗೆ ಪಕ್ಷಪಾತ ಮತ್ತು ಕ್ರೌರ್ಯದ ದೋಷ ತಟ್ಟುವುದಿಲ್ಲವೇ? ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿಕೊಂಡೇ ಕೊಡುತ್ತಾನೆ ಅನ್ನುವುದು ಸೂತ್ರದ ಉತ್ತರ. ಶಂಕರರು ಇದಕ್ಕೆ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲದಕ್ಕೂ ಒಂದೇ, ಯಾವ ಬೀಜದಿಂದ ಯಾವ ಪೈರು ಅನ್ನುವುದು ಬೀಜಕ್ಕೆ ಬಿಟ್ಟದ್ದು. ಸರಿ, ಮೊಟ್ಟಮೊದಲು ಯಾವ ಕರ್ಮವೂ ಇಲ್ಲದಾಗ ಈ ಭೇದ ಹೇಗೆ ಶುರುವಾಯಿತು ಅಂದರೆ, ಸಂಸಾರಕ್ಕೆ ಮೊದಲು ಅನ್ನುವುದೇ ಇಲ್ಲ ಅಂತ ಮುಂದಿನ ಸೂತ್ರ. ಜೈನರು ಇನ್ನೂ ಮುಂದೆ ಹೋಗಿ, ಕರ್ಮ ಅನ್ನುವುದು ಆತ್ಮಕ್ಕೆ ಅಂಟುವ ಸೂಕ್ಷ್ಮ ದ್ರವ್ಯ ಅಂದರು. ಕೊಡುವುದಕ್ಕೆ ದೇವರೇ ಬೇಕಾಗಿಲ್ಲ ಅಂದರು.

ಎಲ್ಲೂ ಬಿರುಕಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸುವುದು. ಬಿರುಕಿಲ್ಲದ ಲೆಕ್ಕದಲ್ಲಿ ಯಾವ ಅನ್ಯಾಯವೂ ಅನ್ಯಾಯವಾಗಿ ಉಳಿಯುವುದಿಲ್ಲ. ಹೊಡೆಸಿಕೊಂಡವನು ಹಿಂದೆ ಹೊಡೆದಿದ್ದ. ಹಸಿದವನು ಹಿಂದೆ ಯಾರದೋ ಅನ್ನ ಕಿತ್ತುಕೊಂಡಿದ್ದ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು ಅದನ್ನೇ 'ಪಡ್ಕೊಂಡು ಬಂದಿದ್ದ'. ಈ ಮಾತನ್ನು ಶತಮಾನಗಳ ಕಾಲ ಯಾರು ಯಾರಿಗೆ ಹೇಳುತ್ತಾ ಬಂದರು ಅನ್ನುವುದು ನಮಗೆಲ್ಲ ಗೊತ್ತು. ಮೇಲಿದ್ದವರು ಕೆಳಗಿದ್ದವರಿಗೆ ಹೇಳಿದರು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮಕ್ಕೆ ಹೋದ ಅಂಬೇಡ್ಕರರು, ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಬಂತು ಅನ್ನುವ ವಿವರಣೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ಬಡವನ ಸ್ಥಿತಿಗೆ ಸಮಾಜ ಹೊಣೆಯಲ್ಲ, ಅವನ ಹಳೆಯ ಜನ್ಮವೇ ಹೊಣೆ ಅಂತಾಗಿಬಿಟ್ಟರೆ ಸಮಾಜ ಏನನ್ನೂ ಬದಲಿಸಬೇಕಾಗಿಲ್ಲವಲ್ಲ.

ಬುದ್ಧನ ಮಾತುಗಳಲ್ಲೂ ಇದಕ್ಕೆ ಆಧಾರವಿದೆ. ಸೀವಕ ಎಂಬ ಪರಿವ್ರಾಜಕ ಬಂದು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರೆ, ನೀವೇನನ್ನುತ್ತೀರಿ? ಬುದ್ಧ ಇಲ್ಲ ಅನ್ನುತ್ತಾನೆ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ ಬರುತ್ತದೆ, ಮೂರೂ ಕೂಡಿ ಬರುತ್ತದೆ. ಋತು ಬದಲಾದಾಗ ಬರುತ್ತದೆ. ಮೈಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬರುತ್ತದೆ. ಹೊರಗಿನ ಪೆಟ್ಟಿನಿಂದ ಬರುತ್ತದೆ. ಕರ್ಮದ ಫಲವಾಗಿಯೂ ಬರುತ್ತದೆ. ಎಂಟರಲ್ಲಿ ಅದೂ ಒಂದು. ಎಲ್ಲವೂ ಹಿಂದಿನದರಿಂದಲೇ ಅನ್ನುವವರು ತಾವೇ ಕಣ್ಣಾರೆ ಕಂಡದ್ದನ್ನು ಮೀರಿ ಮಾತಾಡುತ್ತಿದ್ದಾರೆ ಅನ್ನುತ್ತಾನೆ. ಕರ್ಮವನ್ನು ಅಷ್ಟು ಆಳವಾಗಿ ನಂಬಿದ ಪರಂಪರೆಯೊಳಗೇ ಈ ಮಾತು ಇದೆ ಅನ್ನುವುದು ನನಗೆ ದೊಡ್ಡ ವಿಷಯ. ಭೇದಿ ಹತ್ತಿ ತನ್ನ ಹೊಲಸಿನಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಇದೇ ಬುದ್ಧ ಕಂಡಾಗ, ಅವನ ಹಿಂದಿನ ಜನ್ಮ ಕೇಳಲಿಲ್ಲ. ನಿನ್ನನ್ನು ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಅಂತ ಕೇಳಿದ. ಆನಂದನಿಗೆ ನೀರು ತರಲು ಹೇಳಿದ. ತಾನು ನೀರು ಹೊಯ್ದ, ಆನಂದ ತೊಳೆದ. ಒಬ್ಬ ತಲೆ, ಒಬ್ಬ ಕಾಲು ಹಿಡಿದು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು.

ಆದರೆ ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವವನು ಮಹಾಭಾರತದ ಮಾಂಡವ್ಯ. ಅವನು ತಪಸ್ವಿ. ಕೈ ಮೇಲೆತ್ತಿ, ಮೌನ ಹಿಡಿದು ಆಶ್ರಮದ ಬಾಗಿಲಲ್ಲಿ ನಿಂತಿದ್ದ. ಕಳ್ಳರು ಕದ್ದ ಮಾಲಿನ ಸಮೇತ ಬಂದು ಅವನ ಆಶ್ರಮದಲ್ಲಿ ಅಡಗಿದರು. ಹಿಂದೆಯೇ ಬಂದ ರಾಜಭಟರು ಕೇಳಿದರೆ ಇವನು ಉತ್ತರ ಕೊಡಲಿಲ್ಲ. ಹುಡುಕಿದಾಗ ಕಳ್ಳರೂ ಸಿಕ್ಕರು, ಮಾಲೂ ಸಿಕ್ಕಿತು. ಇವನನ್ನೂ ಸೇರಿಸಿ ಶೂಲಕ್ಕೆ ಹಾಕಿದರು. ಅವನು ಸಾಯಲಿಲ್ಲ. ಆಮೇಲೆ ರಾಜನಿಗೆ ತಪ್ಪು ಗೊತ್ತಾಗಿ ಓಡಿಬಂದು ಕ್ಷಮೆ ಕೇಳಿದ. ಶೂಲ ಕೀಳಲು ನೋಡಿದರೆ ಬರಲಿಲ್ಲ. ಮೈ ಹೊರಗಿದ್ದಷ್ಟನ್ನು ಕತ್ತರಿಸಿದರು. ಉಳಿದ ತುಂಡನ್ನು ಒಳಗೇ ಇಟ್ಟುಕೊಂಡು ಅವನು ತಿರುಗಿದ. ಅದಕ್ಕೇ ಅವನಿಗೆ ಆಣಿ ಮಾಂಡವ್ಯ ಅಂತ ಹೆಸರು.

ಈ ಮಾಂಡವ್ಯ ರಾಜನ ಮೇಲೆ ಸಿಟ್ಟಾಗಲಿಲ್ಲ. ನೇರ ಧರ್ಮದೇವತೆಯ ಸಭೆಗೆ ಹೋದ. ನಾನೇನು ಮಾಡಿದ್ದೆ, ಹೇಳು ಅಂದ. ಚಿಕ್ಕವನಿದ್ದಾಗ ನೀನು ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ ಇದು ಅಂತ ಧರ್ಮ ಹೇಳಿದ. ಲೆಕ್ಕ ಸರಿಯಾಗಿಯೇ ಇದೆ. ಚುಚ್ಚಿದ್ದಕ್ಕೆ ಚುಚ್ಚಿಸಿಕೊಂಡ. ಕರ್ಮದ ವಿವರಣೆ ಇಷ್ಟು ಸ್ಪಷ್ಟವಾಗಿ, ಲೆಕ್ಕ ಬರೆಯುವವನ ಬಾಯಿಂದಲೇ ಸಿಕ್ಕ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಮಾಂಡವ್ಯ ಆಗ 'ಓಹೋ ಹಾಗಾ' ಅಂತ ತಲೆಬಾಗಿ ವಾಪಸ್ ಬರಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯಾ ಅಂತ ಧರ್ಮದೇವತೆಗೇ ಶಾಪ ಕೊಟ್ಟ. ಭೂಮಿಯಲ್ಲಿ ಮನುಷ್ಯನಾಗಿ ಹುಟ್ಟು ಅಂದ. ಹಾಗೆ ಹುಟ್ಟಿದವನೇ ವಿದುರ. (ಶೂದ್ರಳ ಹೊಟ್ಟೆಯಲ್ಲಿ ಹುಟ್ಟುವುದನ್ನೇ ಶಿಕ್ಷೆ ಅಂದುಕೊಂಡದ್ದು ಆ ಕತೆಯ ಕುರುಡು. ಅದನ್ನು ಮುಚ್ಚಿಡಲು ನಾನು ಹೋಗುವುದಿಲ್ಲ.) ಶಾಪದ ಜೊತೆಗೆ ಒಂದು ಹೊಸ ಕಟ್ಟಳೆಯನ್ನೂ ಹಾಕಿದ. ಇನ್ನು ಮುಂದೆ 14 ವರ್ಷ ತುಂಬುವವರೆಗೆ ಮಕ್ಕಳು ಮಾಡಿದ್ದು ಪಾಪವಾಗಿ ಅಂಟುವುದಿಲ್ಲ.

ಯೋಚಿಸಿ ನೋಡಿ. ಕರ್ಮದ ನಿಯಮ ಇರುವ ಲೋಕದಲ್ಲೇ, ಅದರ ಕಟ್ಟುನಿಟ್ಟಿನ ಲೆಕ್ಕ ಅನ್ಯಾಯ ಅಂತ ಒಬ್ಬ ನೊಂದವನು ಎದ್ದು ನಿಲ್ಲುತ್ತಾನೆ. ಕತೆ ಅವನ ಪರವಾಗಿ ತೀರ್ಪು ಕೊಡುತ್ತದೆ. ನಿಯಮವೇ ತಿದ್ದುಪಡಿಯಾಗುತ್ತದೆ. ವಿವರಣೆ ಸಿಕ್ಕಿದ ಕೂಡಲೇ ನೋವು ನ್ಯಾಯವಾಗುವುದಿಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಆದರೂ ಮಾಂಡವ್ಯನ ಸಿಟ್ಟು ಹಿಂದೆ ಸರಿದು, ಧರ್ಮದೇವತೆಯ ಉತ್ತರ ಮಾತ್ರ ಗಾದೆಯಾಗಿ ನಮ್ಮ ಬಾಯಲ್ಲಿ ಉಳಿದುಬಿಟ್ಟಿತು.

ಹಾಗಂತ ಕರ್ಮ, ಋಣ, ವಿಧಿ ಇವನ್ನೆಲ್ಲ ಕಿತ್ತೆಸೆಯಬೇಕು ಅನ್ನುವವರ ಜೊತೆಗೂ ನಾನಿಲ್ಲ. ಪರಿಚಯದವರ ಮನೆಯಲ್ಲಿ ಏಳು ವರ್ಷದ ಹುಡುಗ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಕೆಲವು ದಿನ ಬಿಟ್ಟು ಹೋಗಿದ್ದೆ. ಅವನ ತಾಯಿ ನೆಲದ ಮೇಲೆ ಕೂತು ಶಾಲೆಯ ಯೂನಿಫಾರ್ಮ್ ಮಡಚುತ್ತಿದ್ದರು. ಬೇರೆ ಯಾರಿಗಾದರೂ ಕೊಡೋಣ ಅಂತ. ಅಂಗಿಯ ಜೇಬಿನ ಹೊಲಿಗೆ ಬಿಟ್ಟಿತ್ತು. ಅಲ್ಲಿಗೆ ಬಂದಿದ್ದ ಹಿರಿಯರೊಬ್ಬರು ಉಸಿರುಬಿಟ್ಟು 'ನಿಮ್ಮ ಅವನ ಋಣ ಅಷ್ಟೇ ಇತ್ತಮ್ಮ' ಅಂದರು. ಆಕೆಯ ಕೈ ನಿಂತಿತು. ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು, ಆ ಹಿರಿಯರು ಹೊರಡುವವರೆಗೂ ಹೊರಗೆ ಬರಲಿಲ್ಲ. ಆಮೇಲೆ ಬಂದು ಮತ್ತೆ ಕೂತರು. ಬಿಟ್ಟ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಾ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, 'ಏಳು ವರ್ಷ ಇದ್ದ. ಅಷ್ಟು ಋಣ ಇತ್ತಲ್ಲ, ಅದೇ ನನ್ನ ಪುಣ್ಯ' ಅಂದರು.

ಅದೇ ಋಣದ ಮಾತು. ಹಿರಿಯರು ಅದರಲ್ಲಿ ಬಾಗಿಲು ಮುಚ್ಚಿದರು. ತಾಯಿ ಅದೇ ಮಾತನ್ನು ಹಿಡಿದು ಆ ಏಳು ವರ್ಷವನ್ನು ತನ್ನ ಹತ್ತಿರವೇ ಉಳಿಸಿಕೊಂಡಳು. ಹಿರಿಯರು ಕೆಟ್ಟವರಲ್ಲ, ಅವರ ಕಣ್ಣಲ್ಲೂ ನೀರಿತ್ತು. ಆದರೆ ಆ ಮಾತು ಹೇಳುವ ಹಕ್ಕು ಅವರದಾಗಿರಲಿಲ್ಲ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಗೌತಮಿ ಎಂಬ ಮುದುಕಿ ಬರುತ್ತಾಳೆ. ಅವಳ ಮಗನನ್ನು ಹಾವು ಕಚ್ಚಿ ಸಾಯಿಸಿದೆ. ಒಬ್ಬ ಬೇಡ ಆ ಹಾವನ್ನು ಕಟ್ಟಿ ತಂದು, ಸುಡಲೋ ಕತ್ತರಿಸಲೋ ಅಂತ ಕೇಳುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಎದ್ದು ಬರುವುದಿಲ್ಲ ಅನ್ನುತ್ತಾಳೆ. ಬೇಡ ಒಪ್ಪುವುದಿಲ್ಲ. ಆಗ ಹಾವು, ಮೃತ್ಯು ನನ್ನನ್ನು ಕಳಿಸಿದ್ದು ಅನ್ನುತ್ತದೆ. ಮೃತ್ಯು ಬಂದು ಕಾಲ ನನ್ನನ್ನು ಕಳಿಸಿದ್ದು ಅನ್ನುತ್ತಾನೆ. ಕಾಲ ಬಂದು, ಎಲ್ಲ ಆ ಹುಡುಗನ ಕರ್ಮ ಅನ್ನುತ್ತಾನೆ. ಗೌತಮಿ ಇದನ್ನು ಒಪ್ಪುತ್ತಾಳೆ. ಅಷ್ಟೇ ಅಲ್ಲ, ನನ್ನ ಮಗ ಸಾಯುವಂಥ ಕರ್ಮ ನಾನೂ ಮಾಡಿದ್ದೆ ಅಂತ ತನ್ನನ್ನೂ ಸೇರಿಸಿಕೊಳ್ಳುತ್ತಾಳೆ. ಕೊನೆಗೆ ಹಾವಿನ ಕಟ್ಟು ಬಿಚ್ಚುತ್ತದೆ. ಆ ಕರ್ಮದ ಮಾತು ಅಲ್ಲಿ ಒಂದು ಜೀವ ಉಳಿಸಿತು, ಸೇಡನ್ನು ತಡೆಯಿತು. ಮಾಂಡವ್ಯ ಒಪ್ಪಲಿಲ್ಲ, ಗೌತಮಿ ಒಪ್ಪಿದಳು. ನನಗೆ ಇಬ್ಬರೂ ಸರಿ ಅನ್ನಿಸುತ್ತಾರೆ. ಪೆಟ್ಟು ತಿಂದವರು ಅವರು. ಒಪ್ಪುವುದೂ ಬಿಡುವುದೂ ಅವರದೇ.

ಲೋಕದ ಡೊಂಕನ್ನು ನೀವೇಕೆ ತಿದ್ದುವಿರಿ, ನಿಮ್ಮ ತನುವನ್ನು ನಿಮ್ಮ ಮನವನ್ನು ಸಂತೈಸಿಕೊಳ್ಳಿ ಎಂದು ಬಸವಣ್ಣನವರು ಹೇಳಿದ್ದು ನನಗೆ ಇಲ್ಲಿ ನೆನಪಾಗುತ್ತದೆ. ಬೇರೆಯವರಿಗೆ ಸಹಾಯ ಮಾಡಬೇಡಿ ಅನ್ನುವ ಅರ್ಥದಲ್ಲಿ ಇದನ್ನು ಹೇಳುವವರನ್ನು ಕಂಡಿದ್ದೇನೆ. ಅದು ಹೇಗೆ ಸಾಧ್ಯ? ದಯೆಯಿಲ್ಲದ ಧರ್ಮ ಯಾವುದಯ್ಯಾ ಅಂತ ಕೇಳಿದವರೂ ಅವರೇ ಅಲ್ಲವೇ. ಪಾಪ ಪುಣ್ಯದ ತಪಾಸಣೆ ಶುರುವಾಗಬೇಕಾದದ್ದು ನಮ್ಮ ಒಳಗಿನಿಂದ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಇದರಲ್ಲೂ ಒಂದು ತೊಡಕಿದೆ. ತನ್ನ ನೋವಿಗೆ ತಾನೇ ಕಾರಣ ಹುಡುಕಿಕೊಂಡು ನವೆಯುವವರು ಇದ್ದಾರೆ. 'ನಾನೇನು ಪಾಪ ಮಾಡಿದ್ದೆನೋ' ಅಂತ ಹಗಲು ರಾತ್ರಿ ತಮ್ಮನ್ನೇ ಕೆದಕಿಕೊಳ್ಳುತ್ತಾರೆ. ಗಂಡನ ಕೈಯಲ್ಲಿ ಹೊಡೆತ ತಿನ್ನುವವಳು ನನ್ನ ಕರ್ಮ ಅಂತ ಸುಮ್ಮನಿದ್ದರೆ, ಅವಳ ನೋವು ಅವಳ ಮಾತು ಅಂತ ನಾನು ಕೈಕಟ್ಟಿ ಕೂರಬಹುದೇ? ಖಂಡಿತ ಇಲ್ಲ. ಅಲ್ಲಿ ಸೀವಕನಿಗೆ ಹೇಳಿದ ಆ ಎಂಟರ ಪಟ್ಟಿ ಬೇಕು. ಹೊರಗಿನ ಪೆಟ್ಟಿನಿಂದಲೂ ನೋವು ಬರುತ್ತದೆ, ಹೊಡೆಯುವವನ ಕೈಯಿಂದ ಬರುತ್ತದೆ. ಅದನ್ನು ಅವಳಿಗೆ ಹೇಳಬೇಕು, ಹೊಡೆಯುವವನಿಗೂ ಹೇಳಬೇಕು. ನೊಂದವರ ತಲೆಯ ಮೇಲಿನ ಹೊರೆ ಇಳಿಸುವ ಕಾರಣವಿದ್ದರೆ ಹೇಳಲು ಹಿಂಜರಿಯಬಾರದು. ಹೊರೆ ಏರಿಸುವುದಾದರೆ ಬಾಯಿ ಮುಚ್ಚಿಕೊಂಡಿರುವುದು ಮೇಲು. ನನಗೆ ಸಿಕ್ಕಿರುವ ಅಳತೆಗೋಲು ಇಷ್ಟೇ. ಎಲ್ಲ ಕಡೆ ಇದು ಸಾಲುತ್ತದೆ ಅಂತ ನಾನು ಹೇಳಲಾರೆ.

ಬೈಬಲ್ಲಿನ ಯೋಬನ ಗ್ರಂಥವನ್ನು ನಾನು ಓದುವುದೂ ಈ ಅಳತೆಯಿಂದಲೇ. ಒಳ್ಳೆಯವನು ಅಂತ ದೇವರೇ ಒಪ್ಪಿದ ಯೋಬ ಆಸ್ತಿ ಕಳೆದುಕೊಳ್ಳುತ್ತಾನೆ. ಬಿರುಗಾಳಿಗೆ ಮನೆ ಬಿದ್ದು ಹತ್ತು ಮಕ್ಕಳೂ ಸಾಯುತ್ತಾರೆ. ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ದೂರದಿಂದ ಬರುತ್ತಾರೆ. ಅವನ ಗುರುತು ಸಿಗದೆ ಅಳುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಒಂದೂ ಮಾತಾಡುವುದಿಲ್ಲ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ.

ಆಮೇಲೆ ಬಾಯಿ ಬಿಡುತ್ತಾರೆ. ಹತ್ತು ಮಕ್ಕಳನ್ನು ಹೂತ ತಂದೆಯ ಮುಂದೆ ಬಿಲ್ದದ, ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೇ ದೇವರು ಅವರನ್ನು ಪಾಪದ ಕೈಗೆ ಕೊಟ್ಟ ಅನ್ನುತ್ತಾನೆ. ಯೋಬ ತಾನು ತಪ್ಪು ಮಾಡಿಲ್ಲ ಅಂತ ಪಟ್ಟು ಹಿಡಿದಷ್ಟೂ ಗೆಳೆಯರ ಮಾತು ಚೂಪಾಗುತ್ತದೆ. ಕೊನೆಗೆ ಎಲೀಫಜ ಎಲ್ಲಿಗೆ ಮುಟ್ಟುತ್ತಾನೆ ನೋಡಿ. ನೀನು ಬಡವರ ಬಟ್ಟೆ ಕಿತ್ತುಕೊಂಡೆ, ಬಾಯಾರಿದವರಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಅಟ್ಟಿದೆ ಅಂತ ಪಟ್ಟಿ ಒಪ್ಪಿಸುತ್ತಾನೆ. ಇದಕ್ಕೆ ಅವನ ಹತ್ತಿರ ಒಂದು ಸಾಕ್ಷಿಯೂ ಇಲ್ಲ. ಶಿಕ್ಷೆ ಕಣ್ಣಿಗೆ ಕಾಣುತ್ತಿದೆ, ಹಾಗಾಗಿ ಅಪರಾಧ ಇರಲೇಬೇಕು. ಸಿದ್ಧಾಂತ ಉಳಿಸಿಕೊಳ್ಳಲು ಗೆಳೆಯನ ಮೇಲೆ ಸುಳ್ಳು ಹೊರಿಸಿದ. ಶಾಕ್ ನೋಡುತ್ತಾ ಕೂತ ಆ ಹುಡುಗಿಯರು ಮಾಡಿದ್ದೂ ಇದನ್ನೇ.

ಕೊನೆಯಲ್ಲಿ ದೇವರು ಸುಂಟರಗಾಳಿಯೊಳಗಿಂದ ಮಾತಾಡುತ್ತಾನೆ. ಕಾರಣ ಮಾತ್ರ ಹೇಳುವುದಿಲ್ಲ. ಯೋಬನ ಕತೆ ಶುರುವಾದದ್ದು ಸೈತಾನನ ಒಂದು ಸವಾಲಿನಿಂದ ಅಂತ ಓದುವ ನಮಗೆ ಗೊತ್ತಿದೆ, ಯೋಬನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆಮೇಲೆ ಅವನಿಗೆ ಎರಡರಷ್ಟು ಆಸ್ತಿ ಸಿಗುತ್ತದೆ, ಮತ್ತೆ ಹತ್ತು ಮಕ್ಕಳಾಗುತ್ತಾರೆ. ಸತ್ತ ಮಕ್ಕಳ ಜಾಗಕ್ಕೆ ಬೇರೆ ಮಕ್ಕಳು ಬಂದರೆ ಲೆಕ್ಕ ಚುಕ್ತಾ ಆಗುತ್ತದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆ ಭಾಗ ನನಗೆ ಸಹಿಸಲಾಗುವುದಿಲ್ಲ.

ಆದರೆ ಅದಕ್ಕೆ ಮುಂಚೆ ಒಂದು ಘಟನೆ ಇದೆ. ದೇವರು ಎಲೀಫಜನ ಕಡೆ ತಿರುಗಿ, ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಸಿಟ್ಟು ಬಂದಿದೆ ಅನ್ನುತ್ತಾನೆ. ನನ್ನ ಸೇವಕನಾದ ಯೋಬ ಆಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಅನ್ನುತ್ತಾನೆ. ಇಡೀ ಪುಸ್ತಕದಲ್ಲಿ ಗೆಳೆಯರು ದೇವರ ಪರವಾಗಿ ವಾದಿಸಿದ್ದರು. ದೇವರ ಮೇಲೆ ಕೂಗಾಡಿದ್ದು, ನ್ಯಾಯ ಕೇಳಿದ್ದು, ಹುಟ್ಟಿದ ದಿನವನ್ನೇ ಶಪಿಸಿಕೊಂಡದ್ದು ಯೋಬ. ದೇವರು ಒಪ್ಪಿಕೊಂಡದ್ದು ಆ ಕೂಗನ್ನು. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಹತ್ತಿರ ಹೋಗಿ ಬಲಿ ಕೊಡಿ, ಅವನು ನಿಮಗಾಗಿ ಪ್ರಾರ್ಥಿಸಲಿ, ಅವನ ಪ್ರಾರ್ಥನೆಯನ್ನು ನಾನು ಕೇಳುತ್ತೇನೆ ಅಂತ ದೇವರು ಆ ಮೂವರಿಗೆ ಹೇಳುತ್ತಾನೆ.

ಅವರು ಹೋದರು, ಹೇಳಿದ ಹಾಗೆ ಮಾಡಿದರು ಅಂತ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆ ಮೂವರು ಯೋಬನ ಎದುರು ಹೋಗಿ ನಿಂತು ಏನು ಅಂದರು, ಅವನು ಏನು ಅಂದ, ಬರೆದಿಲ್ಲ. ಇಡೀ ಗ್ರಂಥದಲ್ಲಿ ನನಗೆ ಅತಿ ಹೆಚ್ಚು ಓದಬೇಕು ಅನ್ನಿಸುವುದು ಆ ಬರೆಯದೆ ಬಿಟ್ಟ ಮಾತುಕತೆ.